ಕೆಲಸದ ವೇಳೆ ಗಾಯಗೊಂಡವರು ಪರಿಹಾರ ಪಡೆಯುವ ಬಗೆ

ಯಂತ್ರಕ್ಕೆ ಸಿಕ್ಕಿ ಬೆರಳು ಕಳೆದುಕೊಂಡವರಿಗೆ, ಕಟ್ಟಡದ ಸಾರುವೆಯಿಂದ ಬಿದ್ದು ಬೆನ್ನು ಮುರಿದುಕೊಂಡವರಿಗೆ ಸಿಗಬೇಕಾದ ಹಣವನ್ನು ಮಾಲೀಕರ ದೊಡ್ಡ ಮನಸ್ಸಿಗೆ ಬಿಟ್ಟ ವಿಷಯವೆಂದು ಗಾಯಾಳುವಿನ ಮನೆಯವರೇ ನಂಬಿಬಿಡುವುದುಂಟು. ಅದು ಹಾಗಲ್ಲ. ಭಾರತದಲ್ಲಿ 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಕಾಲದಿಂದಲೂ ಉದ್ಯೋಗದ ಕಾರಣದಿಂದ, ಉದ್ಯೋಗದ ಅವಧಿಯಲ್ಲಿ ಆದ ಅಪಘಾತಕ್ಕೆ ಪರಿಹಾರ ಕೊಡುವುದು ಮಾಲೀಕರ ಕಾನೂನುಬದ್ಧ ಹೊಣೆ. ಅಪಘಾತಕ್ಕೆ ಮಾಲೀಕರ ತಪ್ಪೇ ಕಾರಣವೆಂದು ಗಾಯಾಳು ಸಾಬೀತುಪಡಿಸಬೇಕಾಗಿಲ್ಲ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಆ ಹಳೆಯ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಪರಿಹಾರದ ಮೂಲ ತತ್ವ ಮತ್ತು ಲೆಕ್ಕದ ಕ್ರಮ ಬಹುಪಾಲು ಹಾಗೆಯೇ ಉಳಿದಿವೆ. ಆ ದಿನಾಂಕಕ್ಕೆ ಮೊದಲು ನಡೆದ ಅಪಘಾತವಾದರೆ ಹಳೆಯ ಕಾಯ್ದೆಯ ಮಾತೇ ನಿಮಗೆ ಅನ್ವಯಿಸುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿ.

ಪರಿಹಾರದ ಪ್ರಕರಣಗಳು ಕೊನೆಗೆ ನಿಲ್ಲುವುದು ಮೂರು ಪ್ರಶ್ನೆಗಳ ಮೇಲೆ. ನೀವು ಅಲ್ಲಿ ನಿಜವಾಗಿಯೂ ಕೆಲಸಕ್ಕಿದ್ದಿರಾ, ಗಾಯ ಆ ಕೆಲಸದಿಂದಲೇ ಆಯಿತೇ, ಆ ಗಾಯದಿಂದ ನಿಮ್ಮ ದುಡಿಮೆಯ ಶಕ್ತಿ ಎಷ್ಟು ಕುಗ್ಗಿತು? ಮೊದಲ ಎರಡಕ್ಕೆ ಬೇಕಾದ ಸಾಕ್ಷ್ಯ ಹುಟ್ಟುವುದು ಅಪಘಾತವಾದ ಮೊದಲ ಕೆಲವು ದಿನಗಳಲ್ಲಿ. ಗಾಯಾಳು ಹಾಸಿಗೆಯಲ್ಲಿರುವ ಆ ಹೊತ್ತಿನಲ್ಲಿ ಮನೆಯವರು ಕಾಗದಪತ್ರದ ಕಡೆ ಗಮನ ಕೊಡುವ ಸ್ಥಿತಿಯಲ್ಲಿರುವುದಿಲ್ಲ. ಆದುದರಿಂದ ಇದನ್ನು ಓದುತ್ತಿರುವವರು ಗಾಯಾಳುವಿನ ಅಣ್ಣನೋ ಮಗಳೋ ಜೊತೆಗೆಲಸದವರೋ ಆಗಿದ್ದರೆ, ಮುಂದಿನ ಭಾಗದ ಕೆಲಸವನ್ನು ನೀವೇ ವಹಿಸಿಕೊಳ್ಳುವುದು ಒಳ್ಳೆಯದು.

ಆಸ್ಪತ್ರೆಯಲ್ಲಿ ಏನು ಬರೆದುಕೊಂಡರು?

ಆಸ್ಪತ್ರೆಗೆ ಸೇರಿಸುವಾಗ ವೈದ್ಯರು ಗಾಯ ಹೇಗಾಯಿತೆಂದು ಕೇಳುತ್ತಾರೆ, ಹೇಳಿದ್ದನ್ನು ಕೇಸ್ ಶೀಟಿನಲ್ಲಿ ಬರೆಯುತ್ತಾರೆ. ಆ ಒಂದೆರಡು ಸಾಲುಗಳಿಗೆ ಮುಂದೆ ವಿಚಾರಣೆಯಲ್ಲಿ ಬರುವ ತೂಕ ಊಹೆಗೂ ಮೀರಿದ್ದು. ಜೊತೆಗೆ ಬಂದ ಮೇಲ್ವಿಚಾರಕರು ಪೊಲೀಸರ ಗೊಡವೆ ಬೇಡವೆಂದು "ಮನೆಯಲ್ಲಿ ಜಾರಿಬಿದ್ದರು" ಎಂದು ಬರೆಸಿದರೆ, ಎರಡು ವರ್ಷಗಳ ನಂತರ ವಿಮಾ ಕಂಪನಿಯ ವಕೀಲರು ಅದೇ ಹಾಳೆಯನ್ನು ಎತ್ತಿ ತೋರಿಸಿ, ಕಾರ್ಖಾನೆಯಲ್ಲಿ ಅಪಘಾತವೇ ನಡೆದಿಲ್ಲವೆಂದು ವಾದಿಸುತ್ತಾರೆ. ಯಾವ ಜಾಗದಲ್ಲಿ, ಯಾವ ಕೆಲಸ ಮಾಡುವಾಗ, ಎಷ್ಟು ಹೊತ್ತಿಗೆ, ಹೇಗೆ ಗಾಯವಾಯಿತು ಎಂಬುದನ್ನು ಗಾಯಾಳುವೇ ಹೇಳಲಿ. ಹೇಳಲಾಗದಿದ್ದರೆ ಕಣ್ಣಾರೆ ಕಂಡವರು ಹೇಳಲಿ. ತಪ್ಪು ಬರೆದಿರುವುದು ತಿಳಿದ ಕೂಡಲೇ ವೈದ್ಯರಿಗೆ ಲಿಖಿತವಾಗಿ ತಿಳಿಸಿ, ಆ ಪತ್ರದ ಪ್ರತಿಯ ಮೇಲೆ ಆಸ್ಪತ್ರೆಯ ಮೊಹರು ಹಾಕಿಸಿಕೊಳ್ಳಿ. ಗಾಯ ಗಂಭೀರವಾಗಿದ್ದರೆ ಪ್ರಕರಣವನ್ನು ಎಂಎಲ್‌ಸಿ, ಅಂದರೆ ವೈದ್ಯಕೀಯ-ಕಾನೂನು ಪ್ರಕರಣ, ಎಂದು ದಾಖಲಿಸುವಂತೆ ಕೇಳಿ. ಹಾಗೆ ದಾಖಲಾದರೆ ಆಸ್ಪತ್ರೆಯಿಂದಲೇ ಪೊಲೀಸರಿಗೆ ಮಾಹಿತಿ ಹೋಗುತ್ತದೆ. ಪೊಲೀಸ್ ದೂರು ಕೊಡುವುದೆಂದರೆ ಮಾಲೀಕರನ್ನು ಜೈಲಿಗೆ ಕಳುಹಿಸುವುದು ಎಂಬ ಹೆದರಿಕೆ ಅನೇಕರಿಗಿದೆ. ಪರಿಹಾರದ ದೃಷ್ಟಿಯಿಂದ ಅದು ಘಟನೆ ನಡೆದ ದಿನ, ಸ್ಥಳ ಮತ್ತು ಬಗೆಯನ್ನು ಸರ್ಕಾರಿ ದಾಖಲೆಯೊಂದರಲ್ಲಿ ಕಾಣಿಸುವ ಕ್ರಮ. ದೂರು ಕೊಟ್ಟಿಲ್ಲವೆಂಬ ಒಂದೇ ಕಾರಣಕ್ಕೆ ಪರಿಹಾರದ ಹಕ್ಕು ತಪ್ಪಿಹೋಗುವುದಿಲ್ಲವಾದರೂ, ಸಾಬೀತುಪಡಿಸುವ ಹೊರೆ ಬಹಳ ಹೆಚ್ಚುತ್ತದೆ.

ಚಿಕಿತ್ಸೆಯ ಉದ್ದಕ್ಕೂ ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇ ಮತ್ತು ಸ್ಕ್ಯಾನ್ ವರದಿಗಳು, ಗಾಯದ ಪ್ರಮಾಣಪತ್ರ, ಔಷಧದ ಬಿಲ್ಲುಗಳು ಇವೆಲ್ಲವನ್ನೂ ಒಂದೇ ಕಡೆ ಕೂಡಿಡಿ. ಔಷಧದ ಬಿಲ್ಲಿನ ಮಸಿ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಆದ್ದರಿಂದ ಪ್ರತಿಯೊಂದರ ಫೋಟೊ ತೆಗೆದಿಡಿ. ಕೆಲಸದ ಅವಧಿಯಲ್ಲಿ ಆದ ಗಾಯದ ಚಿಕಿತ್ಸೆಗೆ ಕಾರ್ಮಿಕರು ಮಾಡಿದ ನಿಜವಾದ ವೆಚ್ಚವನ್ನು ಮಾಲೀಕರು ಪರಿಹಾರದ ಜೊತೆಗೆ ಪ್ರತ್ಯೇಕವಾಗಿ ಮರುಪಾವತಿ ಮಾಡಬೇಕು.

ಕೆಲಸಕ್ಕಿದ್ದಿರಿ ಎಂಬುದಕ್ಕೆ ಆಧಾರ

ದೊಡ್ಡ ಕಾರ್ಖಾನೆಯ ಕಾಯಂ ನೌಕರರಿಗೆ ಇದು ಸಮಸ್ಯೆಯೇ ಅಲ್ಲ. ಗುತ್ತಿಗೆಯ ಮೂಲಕ, ಮೇಸ್ತ್ರಿಯ ಕೈಕೆಳಗೆ, ದಿನಗೂಲಿಗೆ ದುಡಿಯುವವರಿಗೆ ಮಾತ್ರ ಇಡೀ ಪ್ರಕರಣದ ಅತಿ ಕಠಿಣ ಭಾಗವೇ ಇದು. "ಈ ವ್ಯಕ್ತಿ ಯಾರೆಂದೇ ನಮಗೆ ಗೊತ್ತಿಲ್ಲ" ಎಂಬ ಉತ್ತರವನ್ನು ಮಾಲೀಕರಿಂದ ನಿರೀಕ್ಷಿಸಿಯೇ ಸಿದ್ಧರಾಗಬೇಕು. ನೇಮಕಾತಿ ಪತ್ರ ಇಲ್ಲವೆಂದು ಎದೆಗುಂದಬೇಕಾಗಿಲ್ಲ. ಗುರುತಿನ ಚೀಟಿ, ಗೇಟ್ ಪಾಸ್, ಹಾಜರಿ ಪುಸ್ತಕದ ಪುಟದ ಫೋಟೊ, ಕೂಲಿ ಜಮೆಯಾದ ಬ್ಯಾಂಕ್ ಪಾಸ್‌ಬುಕ್ಕಿನ ಸಾಲುಗಳು, ಮೇಸ್ತ್ರಿ ಫೋನಿನ ಮೂಲಕ ಹಣ ಕಳುಹಿಸಿದ ದಾಖಲೆ, "ನಾಳೆ ಬೆಳಿಗ್ಗೆ ಎಂಟಕ್ಕೆ ಬಾ" ಎಂಬಂಥ ವಾಟ್ಸ್‌ಆ್ಯಪ್ ಸಂದೇಶ, ಭವಿಷ್ಯನಿಧಿ ಅಥವಾ ಇಎಸ್‌ಐ (ನೌಕರರ ರಾಜ್ಯ ವಿಮೆ) ಸಂಖ್ಯೆ, ಕೆಲಸದ ಜಾಗದಲ್ಲಿ ಜೊತೆಯವರೊಂದಿಗೆ ತೆಗೆದುಕೊಂಡ ಚಿತ್ರ ಇವುಗಳಲ್ಲಿ ಯಾವುದೊಂದೂ ಒಂಟಿಯಾಗಿ ಸಾಕಾಗದಿದ್ದರೂ ಎರಡು ಮೂರು ಒಟ್ಟು ಸೇರಿದಾಗ ಗಟ್ಟಿಯಾಗಿ ನಿಲ್ಲುತ್ತವೆ. ಘಟನೆ ಕಂಡ ಜೊತೆಗೆಲಸದವರ ಹೆಸರು, ಊರು, ಫೋನ್ ಸಂಖ್ಯೆಯನ್ನು ಅಂದೇ ಬರೆದಿಟ್ಟುಕೊಳ್ಳಿ. ಬೇರೆ ರಾಜ್ಯದಿಂದ ಬಂದ ಕಾರ್ಮಿಕರು ಕೆಲಸ ಮುಗಿದೊಡನೆ ಬೇರೆಡೆಗೆ ಹೊರಟುಬಿಡುತ್ತಾರೆ. ಆಮೇಲೆ ಅವರನ್ನು ಹುಡುಕುವುದು ಬಹುತೇಕ ಅಸಾಧ್ಯ.

ಗುತ್ತಿಗೆದಾರರ ಮೂಲಕ ದುಡಿಯುತ್ತಿದ್ದವರು ತಿಳಿಯಲೇಬೇಕಾದ ಸಂಗತಿಯೊಂದಿದೆ. ಒಂದು ಸಂಸ್ಥೆ ತನ್ನ ವ್ಯವಹಾರಕ್ಕೆ ಸೇರಿದ ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದು, ಅಪಘಾತ ಆ ಸಂಸ್ಥೆಯ ಹತೋಟಿಯ ಜಾಗದಲ್ಲಿ ನಡೆದಿದ್ದರೆ, ಗುತ್ತಿಗೆದಾರರ ಕಾರ್ಮಿಕರು ಆ ಮುಖ್ಯ ಸಂಸ್ಥೆಯಿಂದಲೇ ಪರಿಹಾರ ಕೇಳಬಹುದು. ಸಂಸ್ಥೆ ಆ ಹಣವನ್ನು ಗುತ್ತಿಗೆದಾರರಿಂದ ಆಮೇಲೆ ವಸೂಲು ಮಾಡಿಕೊಳ್ಳುವುದು ಅವರಿಬ್ಬರ ನಡುವಿನ ವಿಷಯ. ಆದುದರಿಂದ ಅರ್ಜಿಯಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸಬೇಕು. ವಿಮೆ ಇದ್ದರೆ ವಿಮಾ ಕಂಪನಿಯನ್ನೂ ಸೇರಿಸಬೇಕು.

ಮಾಲೀಕರಿಗೆ ಲಿಖಿತ ಸೂಚನೆ

ಅಪಘಾತದ ಸೂಚನೆಯನ್ನು ಸಾಧ್ಯವಾದಷ್ಟು ಬೇಗ ಮಾಲೀಕರಿಗೆ ಕೊಡಬೇಕೆಂದು ಕಾನೂನು ಹೇಳುತ್ತದೆ. ಅಪಘಾತದ ವಿಷಯ ಮಾಲೀಕರಿಗೆ ಬೇರೆ ಮೂಲದಿಂದ ತಿಳಿದಿತ್ತು ಎಂದು ತೋರಿಸಿದರೆ ಸೂಚನೆಯ ಲೋಪ ಹಕ್ಕಿಗೆ ಅಡ್ಡಿಯಾಗುವುದಿಲ್ಲ. ಆದರೂ ಬಾಯಿಮಾತನ್ನು ನಂಬಿ ಕೂರಬೇಡಿ. ಸೂಚನೆಗೆ ಕಾನೂನಿನ ಬಿಗಿ ಭಾಷೆ ಬೇಕಾಗಿಲ್ಲ, ಈ ಧಾಟಿಯಲ್ಲಿದ್ದರೆ ಸಾಕು: "ನಾನು ತಮ್ಮ ಕಾರ್ಖಾನೆಯಲ್ಲಿ ಇಂಥ ತಿಂಗಳಿನಿಂದ ಪ್ರೆಸ್ ಯಂತ್ರದ ಚಾಲಕನಾಗಿ, ತಿಂಗಳಿಗೆ ಇಷ್ಟು ರೂಪಾಯಿ ಸಂಬಳಕ್ಕೆ ಕೆಲಸ ಮಾಡುತ್ತಿದ್ದೇನೆ. ಇಂಥ ದಿನ, ಇಂಥ ಪಾಳಿಯಲ್ಲಿ, ಇಷ್ಟು ಗಂಟೆಗೆ ಯಂತ್ರ ನಡೆಸುತ್ತಿದ್ದಾಗ ನನ್ನ ಬಲಗೈ ಅದರಲ್ಲಿ ಸಿಕ್ಕಿ ಹೆಬ್ಬೆರಳು ತುಂಡಾಯಿತು. ಇಂಥವರು ಇದನ್ನು ಕಂಡಿದ್ದಾರೆ. ಇಂಥ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದೇನೆ. ಕಾನೂನಿನಂತೆ ನನಗೆ ಸಲ್ಲಬೇಕಾದ ಪರಿಹಾರ ಮತ್ತು ಚಿಕಿತ್ಸಾ ವೆಚ್ಚವನ್ನು ಪಾವತಿಸಬೇಕೆಂದೂ, ಅಪಘಾತದ ವರದಿಯನ್ನು ಸಂಬಂಧಿಸಿದ ಇಲಾಖೆಗೆ ಸಲ್ಲಿಸಿ ಅದರ ಪ್ರತಿಯನ್ನು ನನಗೆ ಕೊಡಬೇಕೆಂದೂ ಕೋರುತ್ತೇನೆ." ಇದನ್ನು ಕೈಯಲ್ಲಿ ಕೊಟ್ಟರೆ ಪ್ರತಿಯ ಮೇಲೆ ಸಹಿ ಪಡೆಯಿರಿ, ಸಹಿ ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ, ರಸೀದಿ ಮತ್ತು ತಲುಪಿದ ದಾಖಲೆಯನ್ನು ಜೋಪಾನ ಮಾಡಿ. ಸೂಚನೆ ತಲುಪಿದ ಮೂರು ದಿನಗಳೊಳಗೆ ಮಾಲೀಕರು ತಮ್ಮ ಖರ್ಚಿನಲ್ಲಿ ವೈದ್ಯಕೀಯ ತಪಾಸಣೆಗೆ ಕರೆದರೆ ಹೋಗಬೇಕು. ಸಕಾರಣವಿಲ್ಲದೆ ನಿರಾಕರಿಸಿದರೆ, ನಿರಾಕರಣೆ ಮುಂದುವರಿದಷ್ಟು ಕಾಲ ಪರಿಹಾರದ ಹಕ್ಕು ಅಮಾನತಿನಲ್ಲಿರುತ್ತದೆ.

ಅಪಘಾತ ನಡೆದದ್ದು ನೋಂದಾಯಿತ ಕಾರ್ಖಾನೆಯಲ್ಲಾದರೆ ಕರ್ನಾಟಕದಲ್ಲಿ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೂ ದೂರಿನ ಒಂದು ಪ್ರತಿಯನ್ನು ಕಳುಹಿಸಿ. ಇಲಾಖೆಯ ಅಧಿಕಾರಿ ಸ್ಥಳ ಪರಿಶೀಲಿಸಿ ಬರೆಯುವ ವರದಿ ಮುಂದೆ ನಿಮಗೆ ದೊರೆಯುವ ಅತ್ಯುತ್ತಮ ತಟಸ್ಥ ಸಾಕ್ಷ್ಯಗಳಲ್ಲಿ ಒಂದಾಗಬಹುದು.

ಇಎಸ್‌ಐ ದಾರಿಯೇ, ಪರಿಹಾರ ಆಯುಕ್ತರ ದಾರಿಯೇ?

ಇಲ್ಲಿ ಆಯ್ಕೆ ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ನೀವು ಇಎಸ್‌ಐ ವಿಮೆಗೆ ಒಳಪಟ್ಟಿದ್ದರೆ ಪರಿಹಾರವನ್ನು ಇಎಸ್‌ಐ ನಿಗಮದಿಂದಲೇ ಪಡೆಯಬೇಕು, ಮಾಲೀಕರ ಮೇಲೆ ಪ್ರತ್ಯೇಕವಾಗಿ ಪರಿಹಾರದ ಅರ್ಜಿ ಹಾಕುವಂತಿಲ್ಲ. ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರು ಈ ವಿಮೆಗೆ ಒಳಪಡುತ್ತಾರೆ ಎಂಬುದು 2017ರ ಜನವರಿಯಿಂದ ನಡೆದುಬಂದ ಮಿತಿ. ಸಂಬಳದ ಚೀಟಿಯಲ್ಲಿ ಶೇ 0.75 ಇಎಸ್‌ಐ ಕಡಿತ ಕಾಣಿಸುತ್ತಿದೆಯೇ ನೋಡಿ.

ಇಎಸ್‌ಐಯಲ್ಲಿ ಕಾಯಿಲೆಯ ಭತ್ಯೆಗೆ ಇಂತಿಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತಿದೆ, ಆದರೆ ಕೆಲಸದ ಗಾಯಕ್ಕೆ ಅಂಥ ಷರತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಸೌಲಭ್ಯ ಸಲ್ಲುತ್ತದೆ. ತಾತ್ಕಾಲಿಕವಾಗಿ ದುಡಿಯಲಾಗದ ಅವಧಿಗೆ ಸರಾಸರಿ ದಿನಗೂಲಿಯ ಶೇ 90ರಷ್ಟು ಭತ್ಯೆ, ಶಾಶ್ವತ ನ್ಯೂನತೆ ಉಳಿದರೆ ಗಳಿಕೆಯ ಸಾಮರ್ಥ್ಯ ಎಷ್ಟು ಕುಂದಿದೆಯೋ ಅದಕ್ಕೆ ತಕ್ಕ ಮಾಸಿಕ ಪಾವತಿ, ಸಾವು ಸಂಭವಿಸಿದರೆ ಅವಲಂಬಿತರಿಗೆ ಮಾಸಿಕ ಭತ್ಯೆ, ಇವೆಲ್ಲದರ ಜೊತೆಗೆ ಪೂರ್ತಿ ಚಿಕಿತ್ಸೆ ದೊರೆಯುತ್ತದೆ. ಒಮ್ಮೆಗೇ ಬರುವ ದೊಡ್ಡ ಮೊತ್ತಕ್ಕಿಂತ ಜೀವನಪೂರ್ತಿ ಬರುವ ಈ ತಿಂಗಳ ಹಣ ಅನೇಕ ಕುಟುಂಬಗಳಿಗೆ ಹೆಚ್ಚಿನ ಆಸರೆ ಎಂಬುದು ನನ್ನ ಅಭಿಪ್ರಾಯ. ಮಾಲೀಕರು ಅಪಘಾತದ ವರದಿಯನ್ನು ಇಎಸ್‌ಐಗೆ ಸಲ್ಲಿಸಿದ್ದಾರೆಯೇ ಎಂಬುದನ್ನು ಶಾಖಾ ಕಚೇರಿಯಲ್ಲಿ ಖುದ್ದಾಗಿ ವಿಚಾರಿಸಿ. ಗಾಯ ಮಾಗಿದ ಮೇಲೆ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಿ ನ್ಯೂನತೆಯ ಪ್ರಮಾಣ ಗೊತ್ತುಮಾಡಿಸಿಕೊಳ್ಳಬೇಕು. ಮಂಡಳಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಅವಕಾಶವಿದೆ.

ಇಎಸ್‌ಐ ಅನ್ವಯಿಸದಿದ್ದಾಗ ಮಾತ್ರ, ಪರಿಹಾರದ ಅರ್ಜಿಗಳನ್ನು ವಿಚಾರಿಸಿ ತೀರ್ಮಾನಿಸುವ ಪರಿಹಾರ ಆಯುಕ್ತರ ಮುಂದೆ ಅರ್ಜಿ ಸಲ್ಲಿಸುವ ದಾರಿ ತೆರೆಯುತ್ತದೆ. ಹೊಸ ಸಂಹಿತೆ ಅವರನ್ನು ಸಕ್ಷಮ ಪ್ರಾಧಿಕಾರಿ ಎಂದು ಕರೆಯುತ್ತದೆ; ಕರ್ನಾಟಕದಲ್ಲಿ ಹಲವು ವರ್ಷಗಳಿಂದ ಹಿರಿಯ ಸಿವಿಲ್ ನ್ಯಾಯಾಧೀಶರು ಈ ಸ್ಥಾನದಿಂದ ಅರ್ಜಿಗಳನ್ನು ವಿಚಾರಿಸುತ್ತ ಬಂದಿದ್ದಾರೆ. ಇನ್ನು ಲಾರಿ ಚಾಲಕರು, ಕ್ಲೀನರುಗಳು, ವಾಹನದಲ್ಲಿ ಸರಕು ಸಾಗಿಸುವವರು ಕೆಲಸದ ಮೇಲೆ ಹೋಗುವಾಗ ರಸ್ತೆ ಅಪಘಾತಕ್ಕೊಳಗಾದರೆ ಎರಡು ಬಾಗಿಲುಗಳಿರುತ್ತವೆ. ಮೋಟಾರು ವಾಹನ ಅಪಘಾತ ನ್ಯಾಯಮಂಡಳಿಗೆ ಹೋಗಬಹುದು ಅಥವಾ ಪರಿಹಾರ ಆಯುಕ್ತರ ಬಳಿಗೆ ಹೋಗಬಹುದು, ಎರಡಕ್ಕೂ ಹೋಗುವಂತಿಲ್ಲ. ಎದುರಿನ ವಾಹನದ ತಪ್ಪು ಸ್ಪಷ್ಟವಾಗಿದ್ದರೆ ನ್ಯಾಯಮಂಡಳಿಯಲ್ಲಿ ನೋವು, ಭವಿಷ್ಯದ ಆದಾಯ ಮುಂತಾದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಮೊತ್ತ ಹೆಚ್ಚಾಗುವ ಸಾಧ್ಯತೆಯಿದೆ. ಚಾಲಕರದೇ ತಪ್ಪಿದ್ದರೆ, ತಪ್ಪಿನ ಪ್ರಶ್ನೆಯೇ ಏಳದ ಆಯುಕ್ತರ ದಾರಿ ಸುರಕ್ಷಿತ. ಮೋಟಾರು ವಾಹನ ಕಾಯ್ದೆಯಲ್ಲಿ 2022ರ ಏಪ್ರಿಲ್‌ನಿಂದ ಅರ್ಜಿಗೆ ಆರು ತಿಂಗಳ ಗಡುವು ಬಂದಿರುವುದರಿಂದ ಈ ಆಯ್ಕೆಯನ್ನು ವಕೀಲರೊಂದಿಗೆ ಚರ್ಚಿಸಿ ಬೇಗ ಮಾಡಬೇಕು.

ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ಕೆಲಸ ಮುಗಿಸಿ ಮರಳುವಾಗ ಆದ ಅಪಘಾತವೂ, ಅದರ ಸಮಯ, ಸ್ಥಳ ಮತ್ತು ಸಂದರ್ಭಕ್ಕೆ ಕೆಲಸದೊಂದಿಗೆ ನಂಟಿದ್ದರೆ, ಕೆಲಸದ ಅಪಘಾತವೆಂದೇ ಪರಿಗಣಿತವಾಗುತ್ತದೆ. ಇಎಸ್‌ಐಯಲ್ಲಿ ಈ ನಿಯಮ ಮೊದಲೇ ಇತ್ತು, ಹೊಸ ಸಂಹಿತೆಯೂ ಇದನ್ನು ಹೇಳುತ್ತದೆ. ಮುಂಜಾನೆಯ ಪಾಳಿಗೆ ಹೊರಟಿದ್ದ ಸಕ್ಕರೆ ಕಾರ್ಖಾನೆಯ ಕಾವಲುಗಾರರೊಬ್ಬರು ದಾರಿಯಲ್ಲಿ ಮೃತಪಟ್ಟ ಪ್ರಕರಣದಲ್ಲಿ, 1923ರ ಕಾಯ್ದೆಯನ್ನೂ ಹೀಗೆಯೇ ಅರ್ಥೈಸಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ತೀರ್ಪಿತ್ತಿದೆ.

ಮೊತ್ತದ ಲೆಕ್ಕ

ಆಯುಕ್ತರ ಮುಂದಿನ ಪರಿಹಾರಕ್ಕೆ ಒಂದು ಸೂತ್ರವಿದೆ. ಅದನ್ನು ನೀವೇ ಲೆಕ್ಕ ಹಾಕಿ ನೋಡಬಹುದು, ನೋಡಲೇಬೇಕು. ತನಗೆ ಸಲ್ಲಬೇಕಾದ್ದು ಎಷ್ಟೆಂದು ತಿಳಿಯದವರು ಮಾಲೀಕರು ಮುಂದಿಟ್ಟ ಮೊದಲ ಮೊತ್ತಕ್ಕೇ ಒಪ್ಪಿಬಿಡುತ್ತಾರೆ. ಶಾಶ್ವತವಾಗಿ, ಪೂರ್ತಿಯಾಗಿ ದುಡಿಯಲಾಗದ ಸ್ಥಿತಿ ಬಂದರೆ ತಿಂಗಳ ವೇತನದ ಶೇ 60ನ್ನು, ಮರಣ ಸಂಭವಿಸಿದರೆ ಶೇ 50ನ್ನು ಅಪಘಾತದ ದಿನದ ವಯಸ್ಸಿಗೆ ಕಾನೂನಿನ ಅನುಸೂಚಿ ಕೊಟ್ಟಿರುವ ಗುಣಕದಿಂದ ಗುಣಿಸಬೇಕು. ವಯಸ್ಸು ಕಡಿಮೆಯಿದ್ದಷ್ಟೂ ಗುಣಕ ಹೆಚ್ಚು. 25 ವರ್ಷಕ್ಕೆ 216.91, 35ಕ್ಕೆ 197.06, 40ಕ್ಕೆ 184.17, 50ಕ್ಕೆ 153.09. ಈ ಲೆಕ್ಕಕ್ಕೆ ತೆಗೆದುಕೊಳ್ಳುವ ವೇತನಕ್ಕೆ ಗರಿಷ್ಠ ಮಿತಿಯಿದೆ. 2020ರ ಜನವರಿ 3ರ ಅಧಿಸೂಚನೆ ಅದನ್ನು 8,000ದಿಂದ 15,000 ರೂಪಾಯಿಗೆ ಏರಿಸಿತು. ಅಪಘಾತದ ದಿನ ಯಾವ ಅಧಿಸೂಚನೆ ಜಾರಿಯಲ್ಲಿತ್ತೆಂದು ನೋಡಿಕೊಳ್ಳಿ.

ಉದಾಹರಣೆಗೆ, ತಿಂಗಳಿಗೆ 12,000 ರೂಪಾಯಿ ದುಡಿಯುತ್ತಿದ್ದ 35 ವರ್ಷದವರೊಬ್ಬರು ಪೂರ್ತಿ ಅಸಮರ್ಥರಾದರೆ, 7,200ನ್ನು 197.06ರಿಂದ ಗುಣಿಸಿದಾಗ 14,18,832 ರೂಪಾಯಿಯಾಗುತ್ತದೆ. ಗಾಯ ಭಾಗಶಃ ನ್ಯೂನತೆ ಮಾತ್ರ ಉಳಿಸಿದ್ದರೆ ಈ ಮೊತ್ತದ ಒಂದು ಪಾಲು ಸಲ್ಲುತ್ತದೆ. ಕೆಲವು ಗಾಯಗಳಿಗೆ ಆ ಪಾಲನ್ನು ಕಾನೂನೇ ಪಟ್ಟಿಮಾಡಿದೆ. ಹೆಬ್ಬೆರಳು ಪೂರ್ತಿ ಹೋದರೆ ಶೇ 30, ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣು ಹೋದರೆ ಶೇ 40, ತೋರುಬೆರಳು ಪೂರ್ತಿ ಹೋದರೆ ಶೇ 14. ಮೇಲಿನ ಉದಾಹರಣೆಯವರು ಹೆಬ್ಬೆರಳು ಕಳೆದುಕೊಂಡಿದ್ದರೆ ಅವರಿಗೆ ಸುಮಾರು 4,25,650 ರೂಪಾಯಿ ಬರಬೇಕು. ಮೂಳೆ ಮುರಿತ, ಬೆನ್ನುಹುರಿಯ ಪೆಟ್ಟು, ನರಗಳ ಹಾನಿಯಂಥ ಪಟ್ಟಿಯಲ್ಲಿಲ್ಲದ ಗಾಯಗಳಿಗೆ ಅರ್ಹ ವೈದ್ಯರು ನಿರ್ಧರಿಸಿದ ಪ್ರಮಾಣವನ್ನು ಆಧರಿಸಲಾಗುತ್ತದೆ.

ಗಾಯ ಪೂರ್ತಿ ವಾಸಿಯಾಗುವಂಥದ್ದಾದರೆ, ದುಡಿಯಲಾಗದ ಅವಧಿಗೆ ಪ್ರತಿ ಅರ್ಧ ತಿಂಗಳಿಗೊಮ್ಮೆ ಮಾಸಿಕ ವೇತನದ ಶೇ 25ರಷ್ಟನ್ನು ಗರಿಷ್ಠ ಐದು ವರ್ಷದವರೆಗೆ ಕೊಡಬೇಕು. ಮೂರು ದಿನಗಳಿಗಿಂತ ಹೆಚ್ಚು ಕಾಲ ಕೆಲಸ ತಪ್ಪಿಸದ ಚಿಕ್ಕ ಗಾಯಕ್ಕೆ ಪರಿಹಾರವಿಲ್ಲ.

ವೈದ್ಯರ ಪ್ರಮಾಣಪತ್ರದಲ್ಲಿ ಇರಬೇಕಾದ ಒಂದು ಮಾತು

ಅಂಗದ ನ್ಯೂನತೆ ಎಷ್ಟು ಎಂಬುದೇ ಬೇರೆ, ಅದರಿಂದ ಗಳಿಕೆಯ ಸಾಮರ್ಥ್ಯ ಎಷ್ಟು ಕುಗ್ಗಿತು ಎಂಬುದೇ ಬೇರೆ. ಕಾನೂನು ಅಳೆಯುವುದು ಎರಡನೆಯದನ್ನು. ಮೊಣಕಾಲು ಪೂರ್ತಿ ಮಡಚಲಾಗದಿರುವುದು ಮೇಜಿನ ಮುಂದೆ ಕುಳಿತು ಲೆಕ್ಕ ಬರೆಯುವವರ ದುಡಿಮೆಗೆ ಅಷ್ಟಾಗಿ ತೊಡಕಾಗದಿರಬಹುದು. ತಲೆಯ ಮೇಲೆ ಮೂಟೆ ಹೊತ್ತು ಏಣಿ ಹತ್ತುವ ಹಮಾಲರಿಗೆ ಅದು ಕಸುಬೇ ಕೈತಪ್ಪಿದಂತೆ. ಇದನ್ನು ಸುಪ್ರೀಂ ಕೋರ್ಟ್ 1975ರ ಡಿಸೆಂಬರ್‌ನಲ್ಲಿ ಬಹಳ ಸ್ಪಷ್ಟವಾಗಿ ಹೇಳಿತು. ಚಿತ್ರಮಂದಿರದ ಅಲಂಕಾರ ಕೆಲಸ ಮಾಡುತ್ತಿದ್ದಾಗ ಬಿದ್ದ ಬಡಗಿಯೊಬ್ಬರ ಎಡಗೈಯನ್ನು ಮೊಣಕೈಗಿಂತ ಮೇಲೆ ಕತ್ತರಿಸಬೇಕಾಗಿತ್ತು. ಒಂದೇ ಕೈಯಿಂದ ಬಡಗಿ ಕೆಲಸ ಸಾಧ್ಯವಿಲ್ಲವಾದ್ದರಿಂದ ಅವರು ಗಳಿಕೆಯ ಸಾಮರ್ಥ್ಯವನ್ನು ಪೂರ್ತಿ, ಅಂದರೆ ಶೇ 100ರಷ್ಟು, ಕಳೆದುಕೊಂಡಿದ್ದಾರೆಂಬ ತೀರ್ಮಾನವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಪರಿಹಾರ ಪಾವತಿಸುವ ಹೊಣೆ ಆಯುಕ್ತರು ತೀರ್ಪು ಕೊಟ್ಟ ದಿನವಲ್ಲ, ಅಪಘಾತವಾದ ದಿನವೇ ಹುಟ್ಟುತ್ತದೆ ಎಂದೂ ಅದೇ ತೀರ್ಪು ಹೇಳಿತು.

ಆದುದರಿಂದ ವೈದ್ಯರ ಬಳಿಗೆ ಹೋದಾಗ ಕೇವಲ ಗಾಯವನ್ನು ತೋರಿಸಿ ಬರಬೇಡಿ. ದಿನವೂ ಎಷ್ಟು ಭಾರ ಎತ್ತುತ್ತಿದ್ದಿರಿ, ಎಷ್ಟು ಹೊತ್ತು ನಿಂತಿರುತ್ತಿದ್ದಿರಿ, ಯಾವ ಉಪಕರಣವನ್ನು ಯಾವ ಕೈಯಲ್ಲಿ ಹಿಡಿಯುತ್ತಿದ್ದಿರಿ, ಈಗ ಅದರಲ್ಲಿ ಯಾವುದು ಆಗುತ್ತಿಲ್ಲ ಎಂಬುದನ್ನು ವಿವರವಾಗಿ ಹೇಳಿ. ಪ್ರಮಾಣಪತ್ರದಲ್ಲಿ ನ್ಯೂನತೆಯ ಪ್ರಮಾಣದ ಜೊತೆಗೆ, ಗಾಯಾಳು ಮೊದಲಿನ ಕೆಲಸವನ್ನು ಮಾಡಬಲ್ಲರೇ ಇಲ್ಲವೇ ಎಂಬ ಅಭಿಪ್ರಾಯವನ್ನೂ ಬರೆಯುವಂತೆ ಕೇಳಿ. ಚಿಕಿತ್ಸೆ ನೀಡಿದ ವೈದ್ಯರೇ ಬಂದು ಸಾಕ್ಷ್ಯ ಹೇಳುವಂತಾದರೆ ಅದಕ್ಕೆ ಹೆಚ್ಚಿನ ಬೆಲೆ. ವಿಚಾರಣೆಗೆ ಕೆಲವು ದಿನ ಮೊದಲಷ್ಟೇ ಕಂಡ ವೈದ್ಯರ ಪ್ರಮಾಣಪತ್ರವನ್ನು ಎದುರುದಾರರು ಸುಲಭವಾಗಿ ಪ್ರಶ್ನಿಸುತ್ತಾರೆ.

ಧೂಳಿನಿಂದ ಶ್ವಾಸಕೋಶ ಕೆಡುವ ಸಿಲಿಕೋಸಿಸ್, ಸೀಸದ ವಿಷ, ಯಂತ್ರಗಳ ಸದ್ದಿನಿಂದ ಆದ ಕಿವುಡುತನ ಮುಂತಾದ ಔದ್ಯೋಗಿಕ ಕಾಯಿಲೆಗಳಿಗೂ ಅಪಘಾತದಂತೆಯೇ ಪರಿಹಾರವಿದೆ. ಇಂಥ ಕಾಯಿಲೆಗಳನ್ನು ಕ್ಷಯವೆಂದೋ ವಯಸ್ಸಿನ ದೋಷವೆಂದೋ ತಪ್ಪಾಗಿ ಗುರುತಿಸುವ ಸಂಭವ ಇರುವುದರಿಂದ, ಕಲ್ಲುಕ್ವಾರಿ, ಜಲ್ಲಿ ಕ್ರಷರ್, ಫೌಂಡ್ರಿಗಳಲ್ಲಿ ದುಡಿದವರು ತಮ್ಮ ಕೆಲಸದ ಹಿನ್ನೆಲೆಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಅರ್ಜಿ ಮತ್ತು ಮಾಲೀಕರ ಆಕ್ಷೇಪಗಳು

ಅಪಘಾತ ಅಥವಾ ಮರಣ ಸಂಭವಿಸಿದ ಎರಡು ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕು. ತಡವಾದದ್ದಕ್ಕೆ ಸಾಕಷ್ಟು ಕಾರಣವಿದ್ದರೆ ವಿಳಂಬವನ್ನು ಮನ್ನಿಸಬಹುದಾದರೂ ಅದನ್ನು ನಂಬಿ ಕಾಯಬಾರದು, ಅದರಲ್ಲೂ "ಇನ್ನೊಂದು ತಿಂಗಳು ತಡೆಯಿರಿ, ಏನಾದರೂ ಮಾಡೋಣ" ಎಂದು ಮಾಲೀಕರು ಮುಂದೂಡುತ್ತಿರುವಾಗ. ಅಪಘಾತ ನಡೆದ ಜಾಗದಲ್ಲಿ ಮಾತ್ರವಲ್ಲ, ನೀವು ಅಥವಾ ಅವಲಂಬಿತರು ವಾಸವಾಗಿರುವ ಪ್ರದೇಶದಲ್ಲಿಯೂ ಅರ್ಜಿ ಹಾಕಬಹುದು. ದೂರದ ನಗರದಲ್ಲಿ ಗಾಯಗೊಂಡು ಊರಿಗೆ ಮರಳಿದವರಿಗೆ ಇದು ದೊಡ್ಡ ಅನುಕೂಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಉಚಿತ ವಕೀಲರ ನೆರವಿಗೆ ಅರ್ಹರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿ ಅಥವಾ 15100ಕ್ಕೆ ಕರೆಮಾಡಿ. ಖಾಸಗಿ ವಕೀಲರನ್ನು ನೇಮಿಸಿಕೊಂಡರೆ ಶುಲ್ಕದ ಮಾತನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಿ. ಬರುವ ಮೊತ್ತದಲ್ಲಿ ಇಂತಿಷ್ಟು ಪಾಲು ಎಂದು ವಕೀಲರು ಶುಲ್ಕ ಗೊತ್ತುಮಾಡುವುದನ್ನು ವಕೀಲ ವೃತ್ತಿಯ ನಿಯಮಗಳೇ ನಿಷೇಧಿಸಿವೆ.

"ಕಾರ್ಮಿಕನದೇ ಅಜಾಗರೂಕತೆ" ಎಂಬ ಆಕ್ಷೇಪಕ್ಕೆ ಹೆದರಬೇಡಿ. ಸಾಮಾನ್ಯ ಅಜಾಗರೂಕತೆ ಪರಿಹಾರವನ್ನು ತಪ್ಪಿಸುವುದಿಲ್ಲ. ಮದ್ಯ ಅಥವಾ ಮಾದಕವಸ್ತುವಿನ ಅಮಲೇ ನೇರ ಕಾರಣವಾಗಿದ್ದರೆ, ಸ್ಪಷ್ಟ ಸುರಕ್ಷತಾ ಆದೇಶವನ್ನು ಬೇಕೆಂದೇ ಮೀರಿದ್ದರೆ, ಸುರಕ್ಷತಾ ಸಾಧನವನ್ನು ಬೇಕೆಂದೇ ತೆಗೆದುಹಾಕಿದ್ದರೆ ಮಾತ್ರ ಮಾಲೀಕರು ಹೊಣೆಯಿಂದ ಪಾರಾಗಬಹುದು. ಅದನ್ನು ಸಾಬೀತುಪಡಿಸಬೇಕಾದವರೂ ಅವರೇ. ಗಾಯದಿಂದ ಮರಣವೋ ಶಾಶ್ವತ ಪೂರ್ಣ ಅಸಾಮರ್ಥ್ಯವೋ ಉಂಟಾದಾಗ ಈ ವಿನಾಯಿತಿಗಳೂ ಅವರಿಗೆ ದೊರೆಯುವುದಿಲ್ಲ. "ಆಸ್ಪತ್ರೆಯ ಖರ್ಚನ್ನೆಲ್ಲ ನಾವೇ ಕೊಟ್ಟಿದ್ದೇವೆ, ಇನ್ನೇನು ಬೇಕು" ಎಂಬುದು ಇನ್ನೊಂದು ಮಾತು. ಚಿಕಿತ್ಸೆಗಾಗಿ ಕೊಟ್ಟ ಹಣವನ್ನು ಪರಿಹಾರದಲ್ಲಿ ಮುರಿದುಕೊಳ್ಳುವಂತಿಲ್ಲ.

ಸಂಧಾನದ ಮಾತು ಬಂದಾಗ

ಅಪಘಾತವಾದ ಕೆಲವೇ ದಿನಗಳಲ್ಲಿ ಮಾಲೀಕರ ಕಡೆಯವರು ಒಂದಷ್ಟು ಹಣ ತಂದು ಕಾಗದಕ್ಕೆ ಸಹಿ ಕೇಳುವುದುಂಟು. ಹಣದ ತುರ್ತು ಇರುವ ಮನೆಯಲ್ಲಿ ಅದನ್ನು ಬೇಡವೆನ್ನಲು ಎಷ್ಟು ಗಟ್ಟಿ ಮನಸ್ಸು ಬೇಕೆಂಬುದು ನನಗೆ ಗೊತ್ತು, ಆದುದರಿಂದ ಹಣ ಪಡೆಯಲೇಬೇಡಿ ಎನ್ನಲಾರೆ. ಆದರೆ ಖಾಲಿ ಹಾಳೆಗೆ, ಓದಿ ಅರ್ಥವಾಗದ ಭಾಷೆಯ ಕಾಗದಕ್ಕೆ, ರಾಜೀನಾಮೆ ಪತ್ರಕ್ಕೆ, "ಇನ್ನು ಮುಂದೆ ಯಾವ ಹಕ್ಕೂ ಕೇಳುವುದಿಲ್ಲ" ಎಂಬ ಮುಚ್ಚಳಿಕೆಗೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬೇಡಿ. ರಸೀದಿ ಕೊಡುವುದಾದರೆ ಚಿಕಿತ್ಸೆಗೆಂದು ಇಷ್ಟು ಹಣ ಪಡೆದಿದ್ದೇನೆ ಎಂದಷ್ಟೇ ಬರೆಯಿರಿ. ಕಾನೂನಿನಂತೆ ಸಲ್ಲಬೇಕಾದ ಪರಿಹಾರವನ್ನು ಬಿಟ್ಟುಕೊಡುವ ಒಪ್ಪಂದ ಊರ್ಜಿತವಾಗುವುದಿಲ್ಲ. ಪರಿಹಾರದ ಮೊತ್ತವನ್ನು ಒಪ್ಪಂದದಿಂದ ಗೊತ್ತುಮಾಡಿಕೊಂಡಿದ್ದರೆ ಆ ಒಪ್ಪಂದವನ್ನು ಪರಿಹಾರ ಆಯುಕ್ತರ ಮುಂದೆ ನೋಂದಾಯಿಸಬೇಕು. ಮೊತ್ತ ತೀರಾ ಕಡಿಮೆಯಿದೆ ಅಥವಾ ವಂಚನೆಯಿಂದ ಒಪ್ಪಿಸಲಾಗಿದೆ ಎಂದು ಕಂಡರೆ ಅವರು ನೋಂದಣಿಯನ್ನು ನಿರಾಕರಿಸಬಹುದು. ಹಿಂದೆ ಇಂಥ ಕಾಗದಕ್ಕೆ ಸಹಿ ಹಾಕಿ ಕೈಚೆಲ್ಲಿ ಕುಳಿತವರು ಎರಡು ವರ್ಷದ ಗಡುವು ಉಳಿದಿದ್ದರೆ ಈಗಲೂ ವಕೀಲರನ್ನು ಕಾಣಬೇಕು.

ಕಾರ್ಮಿಕರು ಮೃತಪಟ್ಟಿದ್ದರೆ ಪರಿಹಾರವನ್ನು ಮಾಲೀಕರು ಕುಟುಂಬಕ್ಕೆ ನೇರವಾಗಿ ಕೊಟ್ಟು ಮುಗಿಸುವಂತಿಲ್ಲ, ಆಯುಕ್ತರ ಬಳಿ ಠೇವಣಿ ಇಡಬೇಕು. ಪತ್ನಿ, ಮಕ್ಕಳು, ತಾಯಿ ಮುಂತಾದ ಅವಲಂಬಿತರ ನಡುವೆ ಅದನ್ನು ಹಂಚುವವರು ಅವರೇ. ಎಳೆಯ ಮಕ್ಕಳ ಪಾಲು ಅವರ ಹೆಸರಿನಲ್ಲಿ ಭದ್ರವಾಗಿರಲೆಂಬುದೇ ಈ ಏರ್ಪಾಟಿನ ಉದ್ದೇಶ. ಆದುದರಿಂದ ಹಿರಿಯರೊಬ್ಬರ ಕೈಗೆ ನಗದು ಕೊಟ್ಟೆವೆಂಬ ಮಾಲೀಕರ ಮಾತು ಹೆಂಡತಿ ಮಕ್ಕಳ ಹಕ್ಕನ್ನು ಮುಗಿಸುವುದಿಲ್ಲ.

ಆದೇಶದ ನಂತರ

ಬಾಕಿಯಾದ ಒಂದು ತಿಂಗಳೊಳಗೆ ಪರಿಹಾರ ಪಾವತಿಯಾಗದಿದ್ದರೆ ಬಡ್ಡಿ ಸೇರುತ್ತದೆ. 1923ರ ಕಾಯ್ದೆಯಲ್ಲಿ ಅದು ವರ್ಷಕ್ಕೆ ಶೇ 12, ಹೊಸ ಸಂಹಿತೆಯಲ್ಲಿ ಕೇಂದ್ರ ಸರ್ಕಾರ ನಿಯಮಗಳ ಮೂಲಕ ಗೊತ್ತುಮಾಡುವ ದರ. ತಡಕ್ಕೆ ಸಮರ್ಥನೆಯಿಲ್ಲದಿದ್ದರೆ ಮೊತ್ತದ ಶೇ 50ರವರೆಗೆ ದಂಡವನ್ನೂ ಮಾಲೀಕರಿಗೆ ವಿಧಿಸಬಹುದು. ಬಡ್ಡಿ ಮತ್ತು ದಂಡ ಎರಡನ್ನೂ ಅರ್ಜಿಯಲ್ಲೇ ಸ್ಪಷ್ಟವಾಗಿ ಕೇಳಿ. ಆದೇಶದಿಂದ ಅಸಮಾಧಾನವಿದ್ದವರು ಅರವತ್ತು ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು, ಆದರೆ ಮಹತ್ವದ ಕಾನೂನು ಪ್ರಶ್ನೆ ಇದ್ದಾಗ ಮಾತ್ರ. ಮಾಲೀಕರು ಮೇಲ್ಮನವಿಗೆ ಹೋಗಬೇಕಾದರೆ ಮೊದಲು ಆದೇಶದ ಮೊತ್ತವನ್ನು ಠೇವಣಿ ಇಡಲೇಬೇಕು. ಮೇಲ್ಮನವಿಯೂ ಇಲ್ಲ, ಪಾವತಿಯೂ ಇಲ್ಲ ಎಂಬ ಸ್ಥಿತಿಯಿದ್ದರೆ ಆಯುಕ್ತರಿಗೇ ವಸೂಲಾತಿಯ ಅರ್ಜಿ ಕೊಡಿ. ಮೊತ್ತವನ್ನು ಭೂಕಂದಾಯದ ಬಾಕಿಯಂತೆ ಮಾಲೀಕರ ಆಸ್ತಿಯಿಂದ ವಸೂಲು ಮಾಡಿಸಲು ಅವರಿಗೆ ಅಧಿಕಾರವಿದೆ. ಪರಿಹಾರದ ಹಣವನ್ನು ಸಾಲ ಕೊಟ್ಟವರು ಜಪ್ತಿ ಮಾಡಿಸುವಂತಿಲ್ಲ, ಮಾಲೀಕರು ತಮ್ಮ ಮುಂಗಡಕ್ಕೆ ಮುರಿದುಕೊಳ್ಳುವಂತೆಯೂ ಇಲ್ಲ.